ಪ್ಲೀಸ್ ಕ್ಲಾರಿಫೈ

ಮೇಧಾಳಿಗೆ ಮದುವೆ ತಪ್ಪಿದ್ದು ಜಾತಕದಿಂದಲ್ಲ, ಕೆಂಪು ಶಾಯಿಯಿಂದ. ಬೆಂಗಳೂರಿನಿಂದ ಅಮ್ಮ ಕಳಿಸಿದ ಮೊದಲ ಹುಡುಗನ ಬಯೋಡೇಟಾದಲ್ಲಿ ‘ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್, ಬೋತ್ ಆರ್ ಮ್ಯಾರೀಡ್ ಆಫ್’ ಎಂದಿತ್ತು. ಅವಳು ಅದನ್ನು ತಿದ್ದಿ, ತಿದ್ದಿದ್ದಕ್ಕೆ ಪಕ್ಕದಲ್ಲಿ ಕಾರಣವನ್ನೂ ಬರೆದು, ನೇರವಾಗಿ ಹುಡುಗನ ಮನೆಗೇ ಹಿಂದಕ್ಕೆ ಕಳಿಸಿದಳು. ಉಪಕಾರ ಮಾಡಿದೆನೆಂದೇ ಅವಳ ನಂಬಿಕೆ. ಎರಡನೆಯವನ ಮನೆಗೂ ಮೂರನೆಯವನ ಮನೆಗೂ ಇದೇ ಉಪಕಾರ ತಲುಪಿದ ಮೇಲೆ ಅಮ್ಮ ಕೈಮುಗಿದುಬಿಟ್ಟರು. “ನಿಂಗೆ ಗಂಡ ಯಾಕೆ, ಒಂದು ಡಿಕ್ಷನರಿ ಕಟ್ಕೊಂಡು ಬಾಳು ಹೋಗು” ಎಂದು ಫೋನ್ ಇಟ್ಟರು.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಆದರೆ ನೈರೋಬಿಯಲ್ಲಿ ಆ ಗುಣಕ್ಕೆ ತಿಂಗಳು ತಿಂಗಳು ಸಂಬಳ ಬರುತ್ತಿತ್ತು. ರಿವರ್‌ಸೈಡ್‌ನಲ್ಲಿದ್ದ ಒಂದು ಕುಡಿಯುವ ನೀರಿನ ಸಂಸ್ಥೆಗೆ ಅವಳು 2013ರಲ್ಲಿ ಎಡಿಟರ್ ಆಗಿ ಬಂದಿದ್ದಳು. ಅವಳ ಕಣ್ಣು ತಪ್ಪಿಸಿ ಅಲ್ಲಿಂದ ಒಂದು ಕಾಗದವೂ ಹೊರಗೆ ಹೋಗುವಂತಿರಲಿಲ್ಲ. ‘ಡೂ ದಿ ನೀಡ್‌ಫುಲ್’ ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ‘ರಿವರ್ಟ್ ಬ್ಯಾಕ್’ ಎಂದು ಬರೆದವರನ್ನು ಅವಳು ಎರಡು ದಿನ ಮಾತಾಡಿಸುತ್ತಿರಲಿಲ್ಲ. ಅರ್ಥವಾಗದ ವಾಕ್ಯದ ಪಕ್ಕದಲ್ಲಿ ‘ಪ್ಲೀಸ್ ಕ್ಲಾರಿಫೈ’ ಎಂಬ ಟಿಪ್ಪಣಿ ಬೀಳುತ್ತಿತ್ತು. ಎದುರು ಮೇಜಿನ ಲಾರೆನ್ಸ್ ನೈರೋಬಿಯಲ್ಲೇ ಹುಟ್ಟಿ ಬೆಳೆದವನು, ಅವನ ಇಂಗ್ಲಿಷ್ ಯಾರಿಗೂ ಕಡಿಮೆಯಿರಲಿಲ್ಲ. ಅವನೂ ಅವಳಿಗೆ ಹುಟ್ಟುಹಬ್ಬದ ಕಾರ್ಡು ಕೊಡುವ ಮುಂಚೆ ನಾಲ್ಕು ಸಲ ಓದಿಕೊಳ್ಳುತ್ತಿದ್ದ.

ಹೃಷಿಕೇಶ್ ಬಂದದ್ದು ಮರುವರ್ಷ. ನಂಜನಗೂಡಿನವನು, ಪಂಪಿನ ಇಂಜಿನಿಯರ್. ತಿಂಗಳಲ್ಲಿ ಅರ್ಧ ಭಾಗ ಹಳ್ಳಿಗಳಲ್ಲಿ, ಉಳಿದರ್ಧ ಆಫೀಸಿನ ಹಿಂದಿನ ಶೆಡ್ಡಿನಲ್ಲಿ ಇರುತ್ತಿದ್ದ. ಮೆಟ್ಟಿಲ ಮೇಲೆ ಮೇಧಾ ಎದುರಾದರೆ “ನಮಸ್ಕಾರ ಮೇಡಂ” ಎಂದು ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದ. ಅವನ ಇಂಗ್ಲಿಷ್ ಮಾತ್ರ ಯಾರಿಗೂ ದಾರಿ ಬಿಡುವಂಥದ್ದಲ್ಲ. ‘ದಿ ಪಂಪ್ ಈಸ್ ನಾಟ್ ಲಿಸನಿಂಗ್ ಟು ಎನಿಬಡಿ’ ಎಂದು ಬರೆಯುತ್ತಿದ್ದ. ಅವಳು ಅದನ್ನು ಹೊಡೆದುಹಾಕಿ ‘ಪಂಪ್ ಈಸ್ ಔಟ್ ಆಫ್ ಆರ್ಡರ್’ ಎಂದು ಮಾಡುತ್ತಿದ್ದಳು. ‘ವಿಲೇಜ್ ಲೇಡೀಸ್ ಆರ್ ಈಟಿಂಗ್ ಮೈ ಹೆಡ್’ ಎಂದಿದ್ದದ್ದು ‘ದಿ ವಿಮೆನ್ ರೇಸ್ಡ್ ಕನ್ಸರ್ನ್ಸ್’ ಎಂದಾಗುತ್ತಿತ್ತು. ಒಮ್ಮೆ ‘ವಾಟರ್ ಕೇಮ್, ಮೈ ಲೈಫ್ ಆಲ್ಸೋ ಕೇಮ್’ ಎಂದು ವರದಿ ಮುಗಿಸಿದ್ದ. ಅದನ್ನೂ ಅವಳು ತೆಗೆದಳು, ಆದರೆ ಬಿಸಾಡಲಿಲ್ಲ. ಹೊಡೆದುಹಾಕಿದ ಅವನ ವಾಕ್ಯಗಳನ್ನೆಲ್ಲ ಒಂದು ಫೈಲಿನಲ್ಲಿ ಕೂಡಿಡುತ್ತಿದ್ದಳು. ತರಬೇತಿಗೆ ಉದಾಹರಣೆ ಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಸಂಜೆ ಹೈರಿಡ್ಜ್‌ನ ಮನೆಗೆ ಹೋಗುವ ಮಟಾಟು ವ್ಯಾನಿನಲ್ಲಿ ಕೂತು ಅವನ್ನೇ ಫೋನಿನಲ್ಲಿ ಓದಿ ಒಬ್ಬಳೇ ನಗುತ್ತಿದ್ದಳು, ಕಂಡಕ್ಟರ್ ಚಿಲ್ಲರೆ ಕೊಡಲು ಹೆದರುವಷ್ಟು. ಯಾವ ತರಬೇತಿಗೆ ಯಾರು ಹೀಗೆ ನಗುತ್ತಾರೆ ಹೇಳಿ.

ಒಂದು ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಅವನಿಂದ ಮೇಲ್ ಬಂತು. ವರದಿಯಲ್ಲ, ಅರ್ಜಿ. ಸಂಸ್ಥೆಯ ಲುಸಾಕಾ ಕಚೇರಿಯಲ್ಲಿ ಖಾಲಿಯಿದ್ದ ಹುದ್ದೆಗೆ ಹಾಕಿಕೊಳ್ಳುತ್ತಿದ್ದ. ಸಂಜೆ ನಾಲ್ಕಕ್ಕೆ ಗಡುವು, ದಯವಿಟ್ಟು ತಿದ್ದಿಕೊಡಿ ಎಂದು ಬರೆದಿದ್ದ.

ಮೇಧಾಳ ಎದೆ ಧಸಕ್ಕೆಂದಿತು. ಯಾಕೆ ಎಂದು ಕೇಳಿಕೊಳ್ಳುವ ಮೊದಲೇ ಒಂದು ಪಾಪದ ಯೋಚನೆ ಬಂದು ಪಕ್ಕದಲ್ಲಿ ಕೂತಿತು. ತಿದ್ದದೇ ಹಾಗೇ ಬಿಟ್ಟರೆ? ‘ಮೈಸೆಲ್ಫ್ ಹೃಷಿಕೇಶ್, ಐ ಆಮ್ ಪುಟ್ಟಿಂಗ್ ಅಪ್ಲಿಕೇಶನ್’ ಎಂದು ಶುರುವಾಗುವ ಅರ್ಜಿಯನ್ನು ಲುಸಾಕಾದವರು ಎರಡನೇ ಸಾಲಿಗೇ ಕೆಳಗಿಡುತ್ತಾರೆ. ಅವನು ಇಲ್ಲೇ ಇರುತ್ತಾನೆ, ಪಂಪುಗಳು ಯಾರ ಮಾತನ್ನೂ ಕೇಳದೇ ಇರುತ್ತವೆ, ಮಟಾಟುವಿನಲ್ಲಿ ಓದಲು ಏನಾದರೂ ಇರುತ್ತದೆ. ಅರ್ಧ ಗಂಟೆ ಅದೇ ಪುಟ ನೋಡುತ್ತ ಕೂತಳು. ಯಾರಾದರೂ ತೀರಿಕೊಂಡರೇ ಎಂದು ಲಾರೆನ್ಸ್ ಮೆಲ್ಲಗೆ ವಿಚಾರಿಸಿದ. ಇಲ್ಲ, ಟ್ರಾನ್ಸ್‌ಫರ್ ಆಗುತ್ತಿದ್ದಾರೆ ಎಂದಳು.

ಆದರೆ ತಪ್ಪನ್ನು ನೋಡಿಯೂ ಬಿಡುವುದು ಅವಳ ಕೈಲಾಗದ ಕೆಲಸ. ತಿದ್ದಿದಳು. ಹೊಟ್ಟೆಕಿಚ್ಚೂ ದುಃಖವೂ ಸೇರಿ ಯಾರಿಗೂ ತಿದ್ದದಷ್ಟು ಚೆನ್ನಾಗಿ ತಿದ್ದಿದಳು. ಮುಗಿಯುವ ಹೊತ್ತಿಗೆ ಅರ್ಜಿ ಹೇಗಿತ್ತೆಂದರೆ ಅವಳೇ ಅವನಿಗೆ ಕೆಲಸ ಕೊಟ್ಟುಬಿಡುತ್ತಿದ್ದಳು. ಕೊನೆಯ ಪ್ರಶ್ನೆಯೊಂದು ಉಳಿಯಿತು: ಈಗಿನ ಊರು ಬಿಡಲು ಕಾರಣ. ಅವನು ಬರೆದಿದ್ದ: ‘ಇನ್ ನೈರೋಬಿ ಒನ್ ಮ್ಯಾಟರ್ ಈಸ್ ನಾಟ್ ಮೂವಿಂಗ್, ಸೋ ಬೆಟರ್ ಐ ಗೋ.’

ಯಾವ ವಿಷಯ ಮುಂದೆ ಹೋಗುತ್ತಿಲ್ಲ? ಕ್ಲಾರಿಫೈ, ಎಂದು ಬರೆದು ಕಳಿಸಿದಳು.

ಐದು ನಿಮಿಷದಲ್ಲಿ ಉತ್ತರ ಬಂತು. ‘ಪರ್ಸನಲ್ ಮ್ಯಾಟರ್ ವಿತ್ ಒನ್ ಕಲೀಗ್.’

ಇದು ಅಸ್ಪಷ್ಟ, ಜಗಳವೇ? ಜಗಳವಾದರೆ ಬರೆಯಬೇಡಿ, ನಿಮ್ಮನ್ನೇ ಜಗಳಗಂಟ ಅಂದುಕೊಳ್ಳುತ್ತಾರೆ, ಎಂದು ಕೇಳಿದಳು.

‘ನೋ ಫೈಟ್. ಟೋಟಲಿ ಆಪೋಸಿಟ್.’

ಜಗಳಕ್ಕೆ ವಿರುದ್ಧವಾದದ್ದು ಊರು ಬಿಡಲು ಕಾರಣವಾಗುವುದಿಲ್ಲ, ಆ ಕಲೀಗ್‌ಗೆ ಈ ವಿಷಯ ಗೊತ್ತೇ? ಕ್ಲಾರಿಫೈ. ಗಂಟೆ ಮೂರಾಗಿತ್ತು, ಅವಳು ಅವಸರದಲ್ಲಿದ್ದಳು.

ಈ ಬಾರಿ ಉತ್ತರ ಬರಲು ಇಪ್ಪತ್ತು ನಿಮಿಷವಾಯಿತು. ‘ಕಲೀಗ್ ಈಸ್ ಡೈಲಿ ಕರೆಕ್ಟಿಂಗ್ ಮಿ ಬಟ್ ನಾಟ್ ನೋಯಿಂಗ್.’

ಮೇಧಾ ಅದನ್ನು ಹೊಡೆದು ‘ಕರೆಕ್ಟ್ಸ್ ಮಿ ಎವ್ರಿ ಡೇ ಬಟ್ ಡಸ್ ನಾಟ್ ನೋ’ ಎಂದು ಮಾಡಿದಳು. ಈಗ ವಾಕ್ಯ ಸರಿಯಾಯಿತು ಅನ್ನಿಸಿತು. ಜೊತೆಗೆ ಅವನ ಪರವಾಗಿ ಸಿಟ್ಟೂ ಬಂತು. ಯಾರು ಈ ಕಲೀಗ್? ದಿನಾ ನಿಮ್ಮನ್ನು ತಿದ್ದಲು ಅವರಿಗೆ ಯಾರು ಅಧಿಕಾರ ಕೊಟ್ಟರು? ಎಂದು ಪಕ್ಕದಲ್ಲಿ ಟೈಪ್ ಮಾಡತೊಡಗಿದಳು.

ಅಧಿಕಾರ ಎಂಬಲ್ಲಿಗೆ ಬಂದಾಗ ಬೆರಳು ನಿಂತವು. ಕಿವಿ ಬಿಸಿಯಾಯಿತು. ಆಮೇಲೆ ಕೆನ್ನೆ, ಕತ್ತು, ಅಂಗೈ ಎಲ್ಲ ಬಿಸಿಯಾದವು. ಆ ಸಾಲನ್ನು ಮೂರು ಸಲ ಓದಿದಳು. ಓದಿದಷ್ಟೂ ಅದರಲ್ಲಿ ಅವಳೇ ಇದ್ದಳು. ಅವಳಿಗೆ ನಗು ಬಂತು, ತಡೆಯಲಾಗದಂಥ ನಗು, ಕಣ್ಣಲ್ಲಿ ನೀರು ಬರಿಸುವಂಥದ್ದು. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಎದ್ದು ಮೆಟ್ಟಿಲಿಳಿದು ಓಡಿದಳು. ಪೋಲೆ ಪೋಲೆ, ನಿಧಾನ, ಎಂದು ಲಾರೆನ್ಸ್ ಹಿಂದಿನಿಂದ ಕೂಗಿದ್ದು ಗೋಡೆಗೆ ಕೇಳಿಸಿತೇ ಹೊರತು ಅವಳಿಗಲ್ಲ.

ಶೆಡ್ಡಿನಲ್ಲಿ ಹೃಷಿಕೇಶ್ ಬಿಚ್ಚಿಟ್ಟ ಪಂಪಿನ ಮುಂದೆ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತು, ಮಸಿ ಕೈಗಳನ್ನು ಹಿಂದೆ ಕಟ್ಟಿಕೊಂಡ.

“ಆ ಉತ್ತರ ಕಳಿಸ್ಬೇಡಿ” ಎಂದಳು ಏದುಸಿರಿನಲ್ಲಿ.

“ತುಂಬಾ ತಪ್ಪಿದ್ಯಾ ಮೇಡಂ?”

“ತಪ್ಪಿದೆ. ಆ ಕಲೀಗ್‌ಗೆ ಈಗ ಗೊತ್ತಾಗಿದೆ.”

ಅವನು ಪಂಪನ್ನು ನೋಡಿದ. ಆಮೇಲೆ ಕನ್ನಡದಲ್ಲಿ, ಒಂದೇ ಒಂದು ಕಡೆಯೂ ತಡವರಿಸದೆ ಹೇಳಿದ, “ಬಾಯಲ್ಲಿ ಹೇಳೋಕೆ ಧೈರ್ಯ ಬರ್ಲಿಲ್ಲ ಮೇಡಂ. ನೀವು ಕೇಳ್ತಾ ಹೋದ್ರಿ, ನಾನು ಬರೀತಾ ಹೋದೆ. ನಿಮ್ಮ ಕಾಮೆಂಟ್‌ಗಳನ್ನ ಒಂದೂ ಬಿಡದೆ ಓದ್ತೀನಿ. ಊಟ ಆಗಿದ್ರೆ ನೀವು ಪ್ಲೀಸ್ ಕ್ಲಾರಿಫೈ ಅಂತ ಹಾಕ್ತೀರಿ. ಊಟ ಬಿಟ್ಟಿದ್ರೆ ಬರೀ ಕ್ಲಾರಿಫೈ. ಅದಕ್ಕೇ ರಿಪೋರ್ಟ್‌ನೆಲ್ಲ ಎರಡು ಗಂಟೆ ಮೇಲೇ ಕಳಿಸೋದು. ಇವತ್ತು ಬೆಳಿಗ್ಗೆಯಿಂದ ಒಂದೂ ಪ್ಲೀಸ್ ಇಲ್ಲ.”

ಇಷ್ಟು ವರ್ಷ ಎಷ್ಟೋ ಜನರ ಬರಹವನ್ನು ಮೇಧಾ ಅಕ್ಷರ ಬಿಡದೆ ಓದಿದ್ದಳು. ಅವಳ ಬರಹವನ್ನು ಹಾಗೆ ಓದಿದವರು ಯಾರೂ ಇರಲಿಲ್ಲ.

“ಮೂರೂ ಐವತ್ತಾಯ್ತು” ಎಂದ ಅವನು. “ಅರ್ಜಿ ಕಳಿಸ್ಲಾ, ಬೇಡ್ವಾ? ನೀವೇ ಹೇಳಿ.”

“ಅದು ಹಾಗಲ್ಲ, ಲುಸಾಕಾ ಒಳ್ಳೇ ಊರೇ, ಆದ್ರೆ ದೂರ ಅಂತಲ್ಲ, ಇಲ್ಲಿನ ಪಂಪ್‌ಗಳು ಏನಾಗ್ಬೇಕು, ಪಂಪ್ ಅಂದ್ರೆ ಪಂಪ್ ಅಲ್ಲ…” ಮೇಧಾ ಆಡಿದ್ದರಲ್ಲಿ ಒಂದಾದರೂ ಪೂರ್ಣ ವಾಕ್ಯವಿರಲಿಲ್ಲ. ಅವಳಿಗೇ ನಾಚಿಕೆಯಾಯಿತು. ಅವನು ಮಾತ್ರ ಏನನ್ನೂ ಕೇಳದೆ, ಹಳ್ಳಿಯಲ್ಲಿ ಬೋರ್‌ವೆಲ್ ಪಕ್ಕ ನೀರಿಗಾಗಿ ಕಾಯುವಂತೆ ಸುಮ್ಮನೆ ಕಾದ.

“ಹೋಗ್ಬೇಡಿ” ಎಂದಳು ಕೊನೆಗೆ. “ನಂಗೆ ನೀವು ಇಲ್ಲೇ ಬೇಕು.”

ಹೃಷಿಕೇಶ್ ಅವಳ ಕೈಯಿಂದ ಲ್ಯಾಪ್‌ಟಾಪ್ ತೆಗೆದುಕೊಂಡು, ಮಸಿ ಬೆರಳಲ್ಲೇ ಅದನ್ನು ಮುಚ್ಚಿ, ಬೆಂಚಿನ ಆಚೆ ತುದಿಗಿಟ್ಟ. ಕೈ ತೊಳೆದುಕೊಂಡು ಬಂದು, ಕಪಾಟಿನಿಂದ ಒಂದು ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ ಅವಳ ಮುಂದಿಟ್ಟ. ಬೆಳಿಗ್ಗೆ ಮಾಡಿದ್ದ ಚಿತ್ರಾನ್ನ ತಣ್ಣಗಾಗಿತ್ತು. ಅವನೂ ಊಟ ಮಾಡಿರಲಿಲ್ಲ. ಇದ್ದದ್ದು ಒಂದೇ ಚಮಚ, ಅದನ್ನು ಅವಳಿಗೆ ಕೊಟ್ಟು ಅವನು ಕೈಯಲ್ಲೇ ತಿಂದ. ಡಬ್ಬಿ ಖಾಲಿಯಾಗುವಷ್ಟರಲ್ಲಿ ನಾಲ್ಕೂ ಕಾಲಾಗಿತ್ತು, ಗಡಿಯಾರ ನೋಡಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ.