ತೊಗರಿ ಕಣಕ್ಕೆ, ರಸ್ತೆ ಸೈಕಲ್ಲಿಗೆ

ಜನವರಿ ಬಂತೆಂದರೆ ನಮ್ಮ ಕಡೆ ರಸ್ತೆಗಳು ಕಾಣೆಯಾಗುತ್ತವೆ. ಡಾಂಬರಿನ ಮೇಲೆಲ್ಲ ಒಣಗಿದ ತೊಗರಿ ಹಾಸಿರುತ್ತದೆ. ಬಸ್ಸು ಹೋಗಲಿ, ಕಬ್ಬಿನ ಟ್ರ್ಯಾಕ್ಟರ್ ಹೋಗಲಿ, ಗಾಲಿಯ ಕೆಳಗೆ ಕಾಯಿ ಒಡೆದು ಕಾಳು ಉದುರುತ್ತದೆ. ಪುಕ್ಕಟೆ ರಾಶಿ! ಗಾಡಿಯವರು ತೊಗರಿ ತಪ್ಪಿಸಿ ಪಕ್ಕದಲ್ಲಿ ಹೋಗಬಾರದೆಂದು ಅಲ್ಲಿ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಸಂಜೆ ಕಾಳು ಮನೆಗೆ ಹೋಗುತ್ತದೆ. ಕಲ್ಲುಗಳು ರಸ್ತೆಯಲ್ಲೇ ಉಳಿಯುತ್ತವೆ.

ಮುಧೋಳದಿಂದ ಬೀಳಗಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ವಸ್ತಿ ಇದೆ. ಹದಿನೆಂಟು ಮನೆ, ಸಾವಿರ ಕುರಿ, ಬೇವಿನ ಮರದಡಿ ಬೀರೇಶ್ವರನ ಗುಡಿ. ರಸ್ತೆಗೆ ತೀರ ಹತ್ತಿರದ ಮನೆ ಪಾಂಡಪ್ಪನದು. ಹೆಂಡತಿ ತಂಗೆವ್ವ ಮಹಿಳಾ ಸಂಘದ ಪ್ರತಿನಿಧಿ. ಹದಿನೇಳರ ಮಗಳು ಪೂನಮ್ ಸೈಕಲ್ ಓಟಗಾರ್ತಿ. ಚಿಕ್ಕಂದಿನಲ್ಲಿ ಅಜ್ಜಿ ಬೋರವ್ವನ ಮಡಿಲಲ್ಲಿ ಮಲಗಿ ಗಾಳಿಯ ಕಥೆ ಕೇಳಿದವಳು, ಈಗ ಅದೇ ಗಾಳಿಯ ಎದುರು ಸೈಕಲ್ ತುಳಿಯುತ್ತಾಳೆ. ರಾಜ್ಯ ಮಟ್ಟದಲ್ಲಿ ಎರಡು ಪದಕ ತಂದಿದ್ದಾಳೆ.

ಆದರೆ ಬೋರವ್ವ ಮೊಮ್ಮಗಳ ರೇಸನ್ನು ಒಮ್ಮೆಯೂ ನೋಡಿಲ್ಲ. ಸೊಂಟ ಮುರಿದ ಮೇಲೆ ಅಂಗಳದ ಹೊರಸೇ, ಆ ಹಗ್ಗದ ಮಂಚವೇ, ಅವಳ ಊರು. ಆಟೋದಲ್ಲಿ ಕೂರಲಾರಳು, ಬಸ್ಸು ಹತ್ತಲಾರಳು. ಈ ವರ್ಷ ಮಾತ್ರ ರೇಸೇ ಅವಳ ಅಂಗಳದ ಮುಂದೆ ಬರುವುದಿತ್ತು. ಬನಹಟ್ಟಿಯಲ್ಲಿ ಹೊರಟು, ಜಮಖಂಡಿ, ಮುಧೋಳ ದಾಟಿ, ಬೀಳಗಿಯಲ್ಲಿ ಮುಗಿಯುವ ಓಟ. ಪೂನಮ್ ತಿಂಗಳಿಂದ ದಿನ ಎಣಿಸುತ್ತಿದ್ದಳು.

ಒಂದು ಬೆಳಿಗ್ಗೆ ಜಮಖಂಡಿಯಿಂದ ಸಂಧ್ಯಾ ಸ್ಕೂಟರಿನಲ್ಲಿ ಬಂದಳು. ಹುಡುಗಿಯರಿಗೆ ಸೈಕಲ್ ಕಲಿಸುವವಳು ಅವಳೇ. ಪಾಂಡಪ್ಪ ರಸ್ತೆಯ ಮೇಲೆ ತೊಗರಿ ಹರವುತ್ತಿದ್ದ.

"ಪಾಂಡಪ್ಪಣ್ಣಾ, ಇದನ್ನ ತಗೀಬೇಕ್ರೀ."

"ಏನ ತಗೀಬೇಕು? ತಲಿ ಮ್ಯಾಲಿನ ರುಮಾಲೇನು?"

"ತೊಗರಿ. ಕಲ್ಲು ಸೈತ. ನಿನ್ನೆ ರೇಸಿನ ಸಮಿತಿಯವರು ದಾರಿ ನೋಡಿ ಹೋಗ್ಯಾರ. ಹತ್ತು ದಿನದಾಗ ರಸ್ತಾ ಸ್ವಚ್ಛ ಆಗ್ಲಿಲ್ಲಂದ್ರ ಮುಧೋಳದಾಗನಽ ರೇಸ್ ಮುಗಸ್ತಾರಂತ. ಈ ಕಡಿ ಬರಂಗಿಲ್ಲ."

ಹೊಸ್ತಿಲಲ್ಲಿ ನಿಂತಿದ್ದ ಪೂನಮ್‌ಳ ಮುಖ ಸಣ್ಣದಾಯಿತು. ಪಾಂಡಪ್ಪ ಬಗ್ಗಿದವನು ಏಳಲಿಲ್ಲ.

"ಮುಗಸ್ಲಿ ಬಿಡು. ಸೈಕಲ್ ಅಂದ್ರ ಆಟ, ತೊಗರಿ ಅಂದ್ರ ಊಟ. ಆಟ ಬಂತಂತ ಊಟ ಎದ್ದು ನಿಂತು ಜಾಗಾ ಕೊಡ್ತೈತೇನು?"

"ಹೋದ ವರ್ಷ ಪ್ರಾಕ್ಟೀಸ್ ಮಾಡೂಮುಂದ ಇದಽ ತಿರುವಿನ್ಯಾಗ ಒಂದು ಹುಡುಗಿ ಬಿದ್ಲಲ್ರೀ. ತೊಗರಿ ಕಡ್ಡಿ ಮ್ಯಾಲ ಗಾಲಿ ಜಾರಿತು. ಬಿದ್ದಲ್ಲಿ ಕಲ್ಲು ಇತ್ತು. ಹೆಗಲಿನ ಎಲುಬು ಮುರೀತು. ಆರು ತಿಂಗಳು ಆಕಿ ಸೈಕಲ್ ಮುಟ್ಟಿಲ್ಲ. ಸೈಕಲ್ ಬಿಡ್ರಿ, ಬೈಕಿನವರು ಎಷ್ಟ ಮಂದಿ ಬಿದ್ದಾರ ನಿಮಗ ಗೊತ್ತಿಲ್ಲೇನು?"

ಪಾಂಡಪ್ಪ ಈಗ ಸೊಂಟಕ್ಕೆ ಕೈಯಿಟ್ಟು ನಿಂತ.

"ನೀ ಲೆಕ್ಕಾ ಹೇಳ್ದಿ. ನನ್ನದೂ ಕೇಳು. ಹೋದ ವರ್ಷ ಮುಧೋಳಕ್ಕ ರೇಸ್ ನೋಡಾಕ ಹೊಂಟವರು ಈ ದಾರ್ಯಾಗ ಏನ್ ಬಿಟ್ಟು ಹೋದ್ರು? ಪ್ಲಾಸ್ಟಿಕ್! ನನ್ನ ಎರಡು ಕುರಿ ತಿಂದು, ಹೊಟ್ಟಿ ಉಬ್ಬಿ ಸತ್ತುವು. ಅವಾಗ ಯಾ ಸಮಿತಿ ಬಂದಿತ್ತು ತಂಗಿ?"

ಸಂಧ್ಯಾ ನೇರವಾಗಿ ಹೇಳಿದಳು: "ಖರೆ ಐತ್ರೀ. ಅದು ನಮ್ಮ ತಪ್ಪು. ನಮ್ಮನ್ನ ನೋಡಾಕ ಮಂದಿ ಬಂದ್ರ ಸಾಕು ಅಂತ ಕುಣದ್ವಿ, ಅವರು ಬಿಟ್ಟ ಕಸದ ವಿಚಾರ ಮಾಡ್ಲಿಲ್ಲ. ಈ ಸಲ ದಾರಿ ತುಂಬ ಚೀಲಾ ಕಟ್ಟತೇವಿ. ರೇಸ್ ಮುಗದ ಮ್ಯಾಲ ನಮ್ಮ ಹುಡುಗ್ಯಾರಽ ಕಸಾ ಆರಿಸ್ತಾರ. ಒಂದು ಬಾಟ್ಲಿ ಉಳಿದ್ರ ನನ್ನ ಕರೀರಿ."

ಈ ಉತ್ತರ ಪಾಂಡಪ್ಪ ನಿರೀಕ್ಷಿಸಿರಲಿಲ್ಲ. ಆದರೂ ಹಟ ಬಿಡಲಿಲ್ಲ.

"ಆತು. ಮತ್ತ ತೊಗರಿ ಎಲ್ಲಿ ಒಕ್ಕಲಿ? ನಿನ್ನ ಸ್ಕೂಟರ್ ಸೀಟಿನ ಮ್ಯಾಲ?"

ತಂಗೆವ್ವ ರಸ್ತೆಯಿಂದ ಒಂದು ಮುಷ್ಟಿ ಕಾಳು ತಂದು ಗಂಡನ ಮುಂದೆ ಹಿಡಿದಳು. ಕಾಳಿನ ನಡುವೆ ಡಾಂಬರಿನ ಚೂರು, ಹರಳು, ಬಸ್ಸಿನ ಎಣ್ಣೆಯ ಕಲೆ.

"ದಿನಾ ಸಂಜಿಕ ಇದನ್ನ ಹಸನ ಮಾಡಿ ಮಾಡಿ ನನ್ನ ಕಣ್ಣು ಹೋಗ್ಯಾವ. ನಿಮಗ ಪುಕ್ಕಟೆ, ನನಗ ಡಬಲ್ ದಗದ. ಮೊನ್ನಿ ಬ್ಯಾಳ್ಯಾಗ ಹರಳು ಕಡದು ಹಲ್ಲು ಹಿಡಕೊಂಡು ಕುಂತವರು ಯಾರ್ರೀ?"

ಆಗ ಹೊರಸಿನಿಂದ ಬೋರವ್ವನ ದನಿ ಬಂತು: "ಕಣ ಮಾಡ್ರಿ."

"ಯವ್ವಾ, ಡಾಂಬರ್ ರಸ್ತಾ ಬಂದ ಮ್ಯಾಲ ಕಣ ಯಾರು ಮಾಡ್ಯಾರ? ಮಾಡಾಕ ಬರೂವರು ಯಾರು ಉಳದಾರ?"

"ನಾ ಅದೀನಲ್ಲ. ಸೊಂಟ ಮುರದೈತಿ, ಬಾಯಿ ಮುರದಿಲ್ಲ."

ಎಲ್ಲರೂ ನಕ್ಕರು. ಮುದುಕಿ ನಗಲಿಲ್ಲ.

"ಪಾಂಡ್ಯಾ, ಈ ಕೂಸಿಗೆ ಗಾಳಿ ಕಥಿ ಹೇಳಿದಾಕಿ ನಾನು. ಅದು ಗಾಳಿಗೆ ಎದಿ ಕೊಟ್ಟು ಹೋಗೂದನ್ನ ಊರೆಲ್ಲಾ ನೋಡೈತಿ. ನಾ ನೋಡಿಲ್ಲ. ಮುಂದಿನ ವರ್ಷ ನೋಡ್ತೇನಿ ಅನ್ನಾಕ ನನ್ನ ಕಡಿ ಎಷ್ಟು ವರ್ಷ ಅದಾವಪಾ?"

ಪಾಂಡಪ್ಪ ಹರವಿದ ತೊಗರಿಯನ್ನು ಹೊರೆ ಕಟ್ಟತೊಡಗಿದ.

ಮರುದಿನ ಗುಡಿಯ ಹಿಂದಿನ ಬೀಳು ಜಾಗಕ್ಕೆ ಬೋರವ್ವನ ಹೊರಸನ್ನು ನಾಲ್ವರು ಎತ್ತಿಕೊಂಡು ಹೋದರು. ಅವಳು ಹೇಳಿದಂತೆ ಹುಲ್ಲು ಕೆತ್ತಿದರು, ಮಣ್ಣು ಸಮ ಮಾಡಿದರು, ಚೆನ್ನಾಗಿ ನೀರು ಹೊಡೆದರು. ಮಣ್ಣು ಗಟ್ಟಿಯಾಗಬೇಕಲ್ಲ?

"ಕುರಿ ಬಿಡ್ರಿ," ಎಂದಳು ಬೋರವ್ವ. "ನನ್ನ ಲಗ್ನದ ವರ್ಷ ಹಿಂಗಽ ತುಳಿಸಿದ್ವಿ. ಕುರಿ ಕಾಲು ಸಣ್ಣದು, ಆದ್ರ ಅದರಷ್ಟು ಹದಾ ಮಾಡಿ ಬಡಿಯೂದು ಯಾ ಮಷೀನಿಗೂ ಬರೂದಿಲ್ಲ."

ಪಾಂಡಪ್ಪ ಮುನ್ನೂರು ಕುರಿಗಳನ್ನು ಹಸಿ ಮಣ್ಣಿನ ಮೇಲೆ ಸುತ್ತು ಹೊಡೆಸಿದ. ನೆರೆಯ ಗುರಪ್ಪ ಬೇಲಿಯ ಮೇಲಿಂದ ಕೂಗಿದ: "ಏ ಪಾಂಡ್ಯಾ, ಕುರಿಗೂ ರೇಸ್ ಇಟ್ಟೀಯೇನಲೇ? ಗೆದ್ದದ್ದಕ್ಕ ಕಪ್ ಏನು?"

"ನೀ ಇಳದು ಬಾ, ನಿನ್ನೂ ಸೇರಸ್ತೇನಿ!"

"ಎಡಕ್ಕ ತಿರಗಸ್ರೋ, ಮೂಲಿ ಉಳದೈತಿ!" ಬೋರವ್ವ ಹೊರಸಿನ ಮೇಲಿಂದ ಕೋಲು ಬೀಸಿದಳು. ಅವಳ ದನಿ ಅಷ್ಟು ಗಟ್ಟಿ ಇದೆಯೆಂದು ವಸ್ತಿಗೆ ಎಷ್ಟೋ ವರ್ಷಗಳಿಂದ ನೆನಪೇ ಇರಲಿಲ್ಲ.

ಎರಡು ದಿನ ಬಿಸಿಲು. ಮೂರನೆಯ ದಿನ ಸಂಘದ ಹೆಂಗಸರು ಸೆಗಣಿ ಸಾರಿಸಿದರು. ಕಣ ತಾಟಿನಂತೆ ಹೊಳೆಯಿತು. ರಸ್ತೆಯ ಕಲ್ಲುಗಳನ್ನು ಬುಟ್ಟಿಯಲ್ಲಿ ಹೊತ್ತು ತಂದು ಕಣದ ಸುತ್ತ ಅಂಚು ಕಟ್ಟಿದರು. ತೊಗರಿ ಹರವಿ ಮೇಲೆ ಟ್ರ್ಯಾಕ್ಟರ್ ತಿರುಗಿಸಿದರೆ ಆಯಿತು, ಬಸ್ಸಿಗೆ ಕಾಯುವ ಕೆಲಸವೇ ಇಲ್ಲ. ಇವತ್ತು ಪಾಂಡಪ್ಪನದು, ನಾಳೆ ಇನ್ನೊಬ್ಬರದು ಎಂದು ತಂಗೆವ್ವ ಪಾಳಿ ಹಚ್ಚಿದಳು. ಮೊದಲ ರಾಶಿಯ ಕಾಳನ್ನು ಅಂಗೈಯಲ್ಲಿ ಹಿಡಿದು ಪಾಂಡಪ್ಪ ಊದಿ ನೋಡಿದ. ಒಂದು ಹರಳೂ ಇಲ್ಲ. ಗುರಪ್ಪ ಸದ್ದಿಲ್ಲದೆ ಬಂದು ಪಾಳಿಯಲ್ಲಿ ಹೆಸರು ಹೇಳಿ ಹೋದ.

ಸಮಿತಿಯವರು ಮತ್ತೆ ಬಂದರು. ಮುಧೋಳ ದಾರಿಯ ಬೇರೆ ವಸ್ತಿಗಳಿಗೂ ಕಣದ ಸುದ್ದಿ ಮುಟ್ಟಿತ್ತು. ರಸ್ತೆ ಉದ್ದಕ್ಕೂ ಕರ್ರಗೆ, ನುಣ್ಣಗೆ ಮಲಗಿತ್ತು. ರೇಸ್ ಬೀಳಗಿಯವರೆಗೆ ಎಂದು ನಿಶ್ಚಯವಾಯಿತು.

ಭಾನುವಾರ ರಸ್ತೆಯ ಎರಡೂ ಬದಿ ಜನ. ವಿಜಯಪುರ, ಕೊಲ್ಹಾಪುರದಿಂದಲೂ ನೋಡಲು ಬಂದಿದ್ದರು. ಕೆಲವರು ಕಣ ನೋಡಿ "ಇದೇನ್ರೀ, ಅಂಗಳಾನೋ ಊಟದ ತಾಟೋ?" ಎಂದು ಮುಟ್ಟಿ ಮುಟ್ಟಿ ನೋಡಿದರು. ಬೋರವ್ವ ಪಾಠ ಹೇಳಿದ್ದೇ ಹೇಳಿದ್ದು. ಸಂಘದವರು ಮಣ್ಣಿನ ಕೊಡದಿಂದ ನೀರು, ಸ್ಟೀಲಿನ ಲೋಟದಲ್ಲಿ ಮಜ್ಜಿಗೆ ಕೊಟ್ಟರು. ಬಾಟಲಿ ಎಸೆಯಲು ಕೈ ಎತ್ತಿದವರಿಗೆ ಪಾಂಡಪ್ಪ ಬೇವಿನ ಮರಕ್ಕೆ ಕಟ್ಟಿದ ಚೀಲ ತೋರಿಸಿದ: "ಅಲ್ಲಿ ಹಾಕ್ರೀ ಸಾಹೇಬ್ರ. ನಮ್ಮ ಕುರಿ ಸಾಲಿ ಕಲತಿಲ್ಲ, ಎಲ್ಲಾ ತಿಂತಾವ."

ಹನ್ನೊಂದರ ಹೊತ್ತಿಗೆ ಪಶ್ಚಿಮದ ತುದಿಯಲ್ಲಿ ಬಣ್ಣಗಳು ಮೂಡಿದವು. ಎದುರಿನಿಂದ ಮೂಡಣ ಗಾಳಿ ಜೋರಾಗಿ ಬೀಸುತ್ತಿತ್ತು. ಬೋರವ್ವ ಪಕ್ಕದಲ್ಲಿದ್ದ ಸಂಧ್ಯಾಳ ಕೈ ಹಿಡಿದು ಹೊರಸಿನ ಮೇಲೆ ಎದ್ದು ಕುಳಿತಳು. ಕಣ್ಣು ಮಂಜು. ಎಲ್ಲರ ತಲೆಗೂ ಒಂದೇ ತೆರನ ಟೊಪ್ಪಿಗೆ.

"ಸಂಧ್ಯಾ, ಗಾಳಿ ಯಾರಿಗೆ ಹೆಚ್ಚು ಹೊಡೀತೈತಿ?"

"ಮುಂದ ಇದ್ದಾಕಿಗೆ, ಆಯಿ. ಆಕಿ ಗಾಳಿ ಸೀಳತಾಳ, ಹಿಂದಿನವರು ಆಕಿ ಬೆನ್ನಿನ ಮರ್ಯಾಗ ಬರ್ತಾರ."

"ಹಾಂಗಾರ ಮುಂದ ಇದ್ದಾಕಿನಽ ನಮ್ಮಾಕಿ," ಎಂದಳು ಮುದುಕಿ.

ಹೌದು. ಅವಳೇ. ಮೂವತ್ತು ಹುಡುಗಿಯರ ಗುಂಪನ್ನು ಬೆನ್ನಿಗೆ ಕಟ್ಟಿಕೊಂಡಂತೆ ಪೂನಮ್ ಬಂದಳು. ಆ ತಿರುವಿನಲ್ಲಿ ಯಾರೂ ಬ್ರೇಕ್ ಹಿಡಿಯಲಿಲ್ಲ, ಯಾರೂ ಜಾರಲಿಲ್ಲ. ಸೈಕಲ್ಲುಗಳ ಗುಂಯ್‌ಗುಟ್ಟುವ ಸದ್ದು ಅಂಗಳದ ಮುಂದೆ ಹಾದು ಬೀಳಗಿಯ ಕಡೆಗೆ ಹೋಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಬೋರವ್ವ ಮಿಟುಕಿಸಿರಲಿಲ್ಲ.

ಪೂನಮ್ ಎರಡನೆಯ ಸ್ಥಾನ ಪಡೆದಳೆಂದು ಆಮೇಲೆ ಫೋನ್ ಬಂತು. ಆದರೆ ಪಾಂಡಪ್ಪ ಅದಕ್ಕೂ ಮೊದಲೇ ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.

"ಏನಾತ್ರೀ?" ಎಂದಳು ತಂಗೆವ್ವ.

"ಧೂಳು ಬಿತ್ತು."

"ಧೂಳು ಎಲ್ಲೈತ್ರೀ? ರಸ್ತಾ ಕನ್ನಡಿ ಹಂಗ ಐತಿ!"

ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ನಮ್ಮ ಬಯಲಿನ ಗಾಳಿ ನಮ್ಮ ಮಕ್ಕಳ ಕಾಲಿಗೆ ಕಸುವು ಕೊಟ್ಟಿದೆ. ಅವರನ್ನು ನೋಡಲು ಹೊರಗಿನ ಜನ ನಮ್ಮ ಊರಿಗೆ ಬರುತ್ತಿದ್ದಾರೆ. ಈ ಹೆಮ್ಮೆ ಉಳಿಯಬೇಕಾದರೆ ರಸ್ತೆ ಉಳಿಯಬೇಕು. ನಿಮ್ಮ ಓಣಿಯವರೆಲ್ಲ ಸೇರಿ ಒಂದು ಕಣ ಮಾಡಿ, ಪಾಳಿ ಹಚ್ಚಿಕೊಳ್ಳಿ. ರಸ್ತೆಗೆ ಕಲ್ಲು ಇಡಬೇಡಿ, ಇಟ್ಟದ್ದು ಕಂಡರೆ ಎತ್ತಿ ಬದಿಗೆ ಹಾಕಿ. ಆಟ ನೋಡಲು ಹೋದಾಗ ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತನ್ನಿರಿ. ಕಣ ಮಾಡುವುದು ಮರೆತಿದ್ದರೆ ಚಿಂತೆಯಿಲ್ಲ. ಬಲ್ಲವರು ನಿಮ್ಮ ಮನೆಯ ಹೊರಸಿನ ಮೇಲೇ ಇದ್ದಾರೆ. ಇವತ್ತೇ ಹೋಗಿ ಕೇಳಿ.