ಗೋಡೆಯಿಲ್ಲದ ಮನೆಯ ಬೆಲೆ

“ಗೋಡೆಯೇ ಇಲ್ಲದ ಮನೆ ತೋರಿಸಿ ಸಾಲ ಕೇಳೋದಕ್ಕೆ ನಾಚಿಕೆ ಆಗಲ್ವಾಮ್ಮಾ?” ಎಂದು ಬ್ಯಾಂಕಿನ ಮ್ಯಾನೇಜರು ತಮಿಳಿನಲ್ಲಿ ಕೇಳಿದರು.

ಜಾಮೀನು ಸಹಿಗೆಂದು ಒಂದು ದಿನದ ಕೂಲಿ ಬಿಟ್ಟು ಚಿನ್ನಮನೂರಿಗೆ ಬಂದಿದ್ದ ನಾವು, ಜೊತೆಯ ಕೂಲಿಯವರು, ಓಚ್ಚಮ್ಮಾಳ ಹಿಂದೆ ನಿಂತಿದ್ದೆವು. ಕುರ್ಚಿಗಳು ಖಾಲಿಯಿದ್ದವು. ಕೂರಿ ಎಂದು ಯಾರೂ ಹೇಳಿರಲಿಲ್ಲ.

“ಗೋಡೆ ಐತಲ್ಲ ಸಾರ್,” ಎಂದಳು ಓಚ್ಚಮ್ಮಾಳ್. “ನಾಕು ಕಡೀಕೂ ಐತೆ.”

ಮ್ಯಾನೇಜರು ಫೈಲು ತೆರೆದು ಓದಿದರು. ತಗಡಿನ ಸೂರು. ಕಲ್ಲುಕಂಬ. ಸಗಣಿ ನೆಲ. ವಾಸಕ್ಕೆ ಯೋಗ್ಯವಲ್ಲ. ಅಷ್ಟು ಓದಿ, ನೊಣ ಕೂತೀತೆಂಬಂತೆ ಮುಚ್ಚಿಬಿಟ್ಟರು. ಅವಳು ಕೈ ಚಾಚಿದಾಗ ಫೈಲು ಮೇಜಿನ ಆಚೆ ತುದಿಗೆ ಸರಿಯಿತು. ಮನೆಗೆ ಬೆಲೆ ಕಟ್ಟಲು ಬ್ಯಾಂಕು ಕಳಿಸುವವನು ಕೊಡುವ ವರದಿ ಬ್ಯಾಂಕಿನ ಗುಟ್ಟಂತೆ. ಸಾಲ ಕೇಳುವವರು ಅದನ್ನು ನೋಡುವ ಹಾಗಿಲ್ಲವಂತೆ.

“ಬೆಲೆ ಕಟ್ಟಕ್ಕೆ ಕಾಸು ಕೊಟ್ಟವ್ಳು ನಾನ್ ತಾನೆ ಸಾರ್? ಆಸ್ಪತ್ರೇಲಿ ಎಕ್ಸ್‌ರೇಗೆ ಕಾಸು ಕಟ್ಟಿದ್ರೆ ಪಟ ಕೈಗ್ ಕೊಡ್ತಾರೆ. ನನ್ ಎಲುಬು ನಾನ್ ನೋಡ್ಬಹುದು, ನನ್ ಮನೆ ನೋಡ್ಬಾರ್ದಾ?”

“ಮನೆ ನೋಡೋದಕ್ಕೆ ಯಾರು ಬೇಡ ಅಂದ್ರು? ಹೋಗಿ ನೋಡ್ಕೋ.”

ಗುಮಾಸ್ತರು ನಕ್ಕರು. ನಾವೂ ನಕ್ಕೆವು. ದೊಡ್ಡವರು ತಮಾಷೆ ಮಾಡಿದಾಗ ನಗುವುದು ನಮಗೆ ತೋಟದಿಂದ ಬಂದ ಅಭ್ಯಾಸ.

ತೋಟವೆಂದರೆ ನಮ್ಮ ಧಣಿ ವೇಲು ಮೊದಲಾಳಿಯ ದ್ರಾಕ್ಷಿ ತೋಟ. ಹಗಲೆಲ್ಲ ಕತ್ತರಿ ಹಿಡಿದು ಗೊಂಚಲು ಬಿಡಿಸುವುದು ನಮ್ಮ ಕೆಲಸ. ಸಂಜೆ ಗೇಟಿನಲ್ಲಿ ಹೆಂಗಸರು ಸಾಲಾಗಿ ನಿಂತು ಮಡಿಲು ಕೊಡವಿ ತೋರಿಸಬೇಕು, ಹಣ್ಣು ಕದ್ದಿಲ್ಲವೆಂದು. ಮೊದಲಾಳಿ ಕುರ್ಚಿ ಹಾಕಿಕೊಂಡು ನೋಡುತ್ತಾನೆ. “ಇನ್ನೂ ಜೋರಾಗಿ ಕೊಡವೇ, ಒಳಗೇನು ಬಚ್ಚಿಟ್ಟಿದ್ದೀ?” ಎನ್ನುತ್ತಾನೆ. ಆ ಸಾಲದಲ್ಲಿ ಓಚ್ಚಮ್ಮಾಳ್ ಕೊಳ್ಳಬೇಕೆಂದಿದ್ದುದು ಇಡ್ಲಿ ಹಿಟ್ಟು ರುಬ್ಬುವ ಒಂದು ದೊಡ್ಡ ಯಂತ್ರ. ಅದು ಮನೆಗೆ ಬಂದ ದಿನದಿಂದ ಆ ಗೇಟಿನಲ್ಲಿ ಮಡಿಲು ಕೊಡವುವುದಿಲ್ಲವೆಂದು ಅವಳು ಹೇಳಿಕೊಂಡಿದ್ದಳು. ಮೊದಲಾಳಿಯ ಕಿವಿಗೂ ಅದು ಬಿದ್ದಿತ್ತು.

ಬಸ್ಸಿಳಿದು ಮಾರ್ಕಯನ್‌ಕೋಟ್ಟೈಯ ತನ್ನ ಮನೆಮುಂದೆ ನಿಂತಾಗ ಅವಳಿಗೆ ವಿಷಯ ಹೊಳೆಯಿತು.

ತಮಿಳು ನಾಡಿನೊಳಗೆ ಕನ್ನಡ ಆಡುವ ನಮ್ಮ ಕೇರಿಯ ಹಳೆಯ ಮನೆಗಳಲ್ಲಿ ಬೀದಿಗೆ ಮುಖ ಹಸುವಿಗೆ, ಬೆನ್ನು ಮನುಷ್ಯರಿಗೆ. ಮುಂದೆ ತೊಳು, ಅಂದರೆ ಕಲ್ಲುಕಂಬದ ಮೇಲೆ ತಗಡು ಹೊದಿಸಿದ ಕೊಟ್ಟಿಗೆ. ಅದನ್ನು ದಾಟಿದರೆ ಮನೆ. ತೊಳು ನಮಗೆ ಗುಡಿಯಿದ್ದಂತೆ, ಅದರೊಳಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಅಂದು ಬೆಲೆ ಕಟ್ಟುವವನು ಬಂದಿದ್ದಾಗ ಅವನ ಕಾಲಲ್ಲಿ ದಾರದ ಬೂಟು. ಓಚ್ಚಮ್ಮಾಳ್ ಬೂಟು ಬಿಚ್ಚಿ ಒಳಗೆ ಬನ್ನಿ ಎಂದಳು. ಅವನು ಬೂಟಿನ ದಾರ ನೋಡಿದ, ಹಸುವನ್ನು ನೋಡಿದ, ಬೀದಿಯಿಂದಲೇ ಒಂದು ಫೋಟೊ ಹೊಡೆದು, ಸಾಕು ಎಂದು ಹೊರಟ. ಆ ಸಂಜೆ ಕೇರಿಯೆಲ್ಲ ಅವನನ್ನು ಹೊಗಳಿತು. ಅಷ್ಟು ದೊಡ್ಡ ಮನುಷ್ಯ, ತೊಳುವಿಗೆ ಬೂಟುಗಾಲು ಇಡಲಿಲ್ಲ, ಎಂಥ ಮರ್ಯಾದಸ್ಥ! ನಮ್ಮ ಜೊತೆಯ ಮಾರಿಯಮ್ಮಾಳಂತೂ ಅವನ ಮಕ್ಕಳು ಚೆನ್ನಾಗಿರಲೆಂದು ಹರಸಿದಳು. ಅದೇ ಮರ್ಯಾದಸ್ಥ ವೇಲು ಮೊದಲಾಳಿಯ ಬಂಗಲೆಗೆ ಹೋದಾಗ ಒಳಗೆ ಕೂತು, ಉಂಡು, ಬೆಲೆ ಎಷ್ಟು ಬರೆಯಲಿ ಎಂದು ಕೇಳಿ ಬರೆದನಂತೆ. ಮೊದಲಾಳಿಯೇ ಹೇಳಿಕೊಂಡು ನಕ್ಕಿದ್ದ.

“ಬಡ್ಡೀಮಗ,” ಎಂದಳು ಓಚ್ಚಮ್ಮಾಳ್, “ಹಸುವಿನ್ ಮನೆಗೆ ಬೆಲೆ ಕಟ್ಟಿ ಹೋಗವ್ನೆ.”

ಮರುದಿನ ಮತ್ತೆ ಹೋದೆವು. ಇನ್ನೊಮ್ಮೆ ಬೆಲೆ ಕಟ್ಟಿಸಿ ಎಂದು ಕೇಳಿದಳು. ಮ್ಯಾನೇಜರು ಈ ಸಲ ಬಹಳ ಸಮಾಧಾನದಿಂದ ತಿಳಿಹೇಳಿದರು. ಮತ್ತೆ ಕಟ್ಟಿಸಬೇಕಾದರೆ ಮೊದಲ ವರದಿಯಲ್ಲಿ ಏನು ತಪ್ಪಿದೆಯೆಂದು ಅವಳು ಬರೆದುಕೊಡಬೇಕು. ತಪ್ಪು ಬರೆಯಲು ವರದಿ ನೋಡಬೇಕು. ವರದಿ ತೋರಿಸುವ ಹಾಗಿಲ್ಲ. ಆ ಹಾಳೆಯಲ್ಲಿ ಕೊಟ್ಟಿಗೆಯೇ ಇದೆ ಎಂದು ಅವಳು ಹೇಳಿದ್ದಕ್ಕೆ, ಹಿಂದಿನ ದಿನ ತಾವೇ ಓದಿದ್ದನ್ನು ಮರೆತು, ಗುಟ್ಟಿನ ಕಾಗದ ನಿನಗೆ ಹೇಗೆ ಗೊತ್ತಾಯಿತು ಎಂದು ಗದರಿದರು.

ಮೂರನೆಯ ಸಲ ಓಚ್ಚಮ್ಮಾಳ್ ಬಸ್ಸು ಹತ್ತಲಿಲ್ಲ. ಹಸುವಿನ ಹಗ್ಗ ಹಿಡಿದು ನಡೆದಳು. ನಾವೂ ಕತ್ತರಿಗಳನ್ನು ತೋಟದಲ್ಲೇ ಬಿಟ್ಟು ಹಿಂದೆ ನಡೆದೆವು. ಬ್ಯಾಂಕಿನ ಮೆಟ್ಟಿಲು ಹತ್ತಿಸಿ, ಬಾಗಿಲಿನ ಕಂಬಿಗೆ ಕಟ್ಟಿದಳು. ಹಸು ಸಗಣಿ ಹಾಕಿತು. ಹಸು ಕಟ್ಟಿದ ಜಾಗ ತೊಳುವೇ ತಾನೇ ಎಂದು ನಾವು ಚಪ್ಪಲಿಗಳನ್ನು ಬೀದಿಯಲ್ಲಿ ಕಳಚಿ ಮೆಟ್ಟಿಲ ಮೇಲೆ ಕೂತೆವು.

ಕಾವಲಿನ ಕರುಪ್ಪಸಾಮಿ ಬೈಯಲು ಓಡಿಬಂದ. ಅವನೂ ನಮ್ಮ ಕಡೆಯವನೇ. ಮೊದಲು ಬೂಟು ಬಿಚ್ಚಿಟ್ಟು, ಆಮೇಲೆ ಹತ್ತಿರ ಬಂದು ಬೈದ. ಅದನ್ನು ಕಂಡು ಪಿಂಚಣಿಗೆಂದು ಬಂದ ಮುದುಕರೂ ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟರು.

ಮ್ಯಾನೇಜರು ಬಾಗಿಲಿಗೆ ಬಂದರು. “ಏನಿದು ಅಸಹ್ಯ? ಬಿಚ್ಚು ಅದನ್ನ! ಪೊಲೀಸ್ ಕರೀಲಾ?”

ಓಚ್ಚಮ್ಮಾಳ್ ಹಸುವಿನ ಕತ್ತು ಕೆರೆಯುತ್ತ ಹೇಳಿದಳು: “ನೀವ್ ಬೆಲೆ ಕಟ್ಟಿದ್ದು ಇವಳ ಮನೆಗೆ ಸಾರ್. ಸಾಲ ಕೇಳಿದೋರಿಗೆ ತೋರ್ಸಂಗಿಲ್ಲ ಅಂದ್ರಲ್ಲ. ಇವಳು ಸಾಲ ಕೇಳಿಲ್ಲ. ಇವಳಿಗ್ ತೋರ್ಸಿ. ನಾನ್ ಆ ಕಡೆ ತಿರುಗಿ ನಿಂತ್ಕತೀನಿ.”

ಹಾಗೆಂದು ನಿಜವಾಗಿಯೂ ಬೆನ್ನು ತಿರುಗಿಸಿ ನಿಂತಳು.

ಈ ಸಲ ನಾವು ಮೊದಲು ನಕ್ಕೆವು. ಗುಮಾಸ್ತರು ನಗಲಿಲ್ಲ. ಮ್ಯಾನೇಜರು ಕೆಂಪಾಗಿ, ಹಗ್ಗಕ್ಕೆ ಕೈ ಚಾಚಿ ಒಂದು ಹೆಜ್ಜೆ ಮುಂದಿಟ್ಟರು.

“ಬೂಟು ಸಾರ್,” ಎಂದ ಕರುಪ್ಪಸಾಮಿ.

ಅವರು ಎತ್ತಿದ ಕಾಲು ಅಲ್ಲೇ ನಿಂತಿತು. ಬೀದಿಯುದ್ದಕ್ಕೂ ಬಿದ್ದಿದ್ದ ಚಪ್ಪಲಿಗಳನ್ನು ನೋಡಿದರು, ನಮ್ಮ ಬರಿಗಾಲುಗಳನ್ನು ನೋಡಿದರು. ಆಮೇಲೆ ತಮ್ಮ ಬೂಟು ನೋಡಿಕೊಂಡರು. ಅದಕ್ಕೂ ದಾರವಿತ್ತು.