ಹೈಮಾವತಿ ಬರೆದ ಉತ್ತರ

ಆಂಧ್ರದ ದೇವರವಲಸದಲ್ಲಿರುವ ನಮ್ಮ ವಿಶ್ವವಿದ್ಯಾಲಯದಲ್ಲಿ ಗಣಿತ ಸಹಾಯ ಕೊಠಡಿ ಅಂತ ಒಂದಿದೆ. ಗ್ರಂಥಾಲಯದ ಹಿಂದೆ, ಮೊದಲು ಹಳೇ ಪತ್ರಿಕೆಗಳನ್ನು ತುಂಬಿಡುತ್ತಿದ್ದ ಜಾಗ. ಹನ್ನೊಂದು ಕಂಪ್ಯೂಟರು, ಒಂದು ಬಿಳಿ ಹಲಗೆ, ನಾನು, ಮತ್ತು ಬಾಗಿಲು ತೆಗೆಯುವುದರಿಂದ ಹಿಡಿದು ಎಲ್ಲವನ್ನೂ ನೋಡಿಕೊಳ್ಳುವ ಈಶ್ವರಮ್ಮ. ತೆಲುಗು ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಮೊದಲ ವರ್ಷದ ಗಣಿತದಲ್ಲೇ ಮುಗ್ಗರಿಸುತ್ತಾರೆ. ಅವರಿಗಾಗಿ ಆರು ವರ್ಷ ಕೂತು ತೆಲುಗಿನಲ್ಲೇ ಸಣ್ಣ ಸಣ್ಣ ವೀಡಿಯೋ ಪಾಠ ಮಾಡಿದೆ. ಪ್ರತಿ ಪಾಠದ ಕೊನೆಗೆ ಕಂಪ್ಯೂಟರೇ ತಿದ್ದುವ ಅಭ್ಯಾಸ ಪ್ರಶ್ನೆಗಳನ್ನು ಸೇರಿಸಿದೆ. ಉತ್ತರ ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಎಲ್ಲ ಪ್ರಶ್ನೆಗಳೂ ಹಸಿರಾಗದೆ ಮುಂದಿನ ಪಾಠ ತೆರೆಯುವುದಿಲ್ಲ. ಆ ನಿಯಮ ನನ್ನದೇ. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಹೋದ ಏಪ್ರಿಲ್‌ನಲ್ಲಿ ನಮ್ಮ ವಿಭಾಗದ ಮುಖ್ಯಸ್ಥರಾದ ಜೋಗಾರಾವು ಅವರು ಕರೆದು, "ನಿನ್ನ ಪಾಠಗಳನ್ನ ಇನ್ನೂ ಒಂಬತ್ತು ಕಾಲೇಜಿನೋರು ಕೇಳ್ತಿದಾರೆ ಸೂರಿ. ಜೂನ್ ಒಳಗೆ ಕೊಟ್ಬಿಡೋಣ" ಅಂದರು. ನನ್ನ ಪೂರ್ತಿ ಹೆಸರು ಅಪ್ಪಲಸೂರಿ. ಹದಿನೇಳು ವರ್ಷದ ಕೆಲಸದಲ್ಲಿ ಯಾರೂ ನನ್ನಿಂದ ಏನನ್ನೂ ಕೇಳಿ ಪಡೆದಿರಲಿಲ್ಲ. ಆ ಸಂತೋಷದಲ್ಲೇ, ಕಳಿಸುವ ಮುಂಚೆ ಯಾವ ಪ್ರಶ್ನೆ ಮಕ್ಕಳಿಗೆ ಕಷ್ಟವಾಗಿದೆ ಅಂತ ತಿಳಿಯಲು ಕಂಪ್ಯೂಟರಿನ ದಾಖಲೆ ತೆಗೆದೆ.

ಮೂರನೇ ಪಾಠದ ಹದಿನಾಲ್ಕನೇ ಪ್ರಶ್ನೆಯನ್ನು ಆ ವರ್ಷ ಇನ್ನೂರ ಹನ್ನೆರಡು ಮಂದಿ ಮಾಡಿದ್ದರು. ಹೆಚ್ಚಿನವರಿಗೆ ಮೊದಲ ಸಲವೇ ಹಸಿರು. ಒಬ್ಬಳಿಗೆ ಮಾತ್ರ ಇಪ್ಪತ್ತಮೂರು ಸಲ ಕೆಂಪು. ಯಾರಪ್ಪಾ ಈ ಜಾಣೆ ಅಂತ ನಗುತ್ತಲೇ ಅವಳ ಉತ್ತರಗಳನ್ನು ತೆರೆದೆ.

ಪ್ರಶ್ನೆ ಇಷ್ಟೆ: ಎಕ್ಸ್ ಯಾವುದೇ ಸಂಖ್ಯೆಯಾಗಿರಲಿ, ಅದರ ವರ್ಗದ ವರ್ಗಮೂಲ ಏನು? ಕಂಪ್ಯೂಟರು ಹೋಲಿಸಿ ನೋಡುವ ಸರಿಯುತ್ತರ, ಅಂದರೆ ಕೀ, ಎಕ್ಸ್ ಅಂತ ಹಾಕಿದ್ದೆ. ಅವಳು ಎಕ್ಸ್‌ನ ಎರಡೂ ಪಕ್ಕ ನೆಟ್ಟಗೆ ಒಂದೊಂದು ಗೆರೆ ಎಳೆದಿದ್ದಳು. ಅಂದರೆ ಋಣಚಿಹ್ನೆ ಇದ್ದರೆ ಅದನ್ನು ಬಿಟ್ಟು ಓದಿ ಅಂತ. ಋಣ ಮೂರರ ವರ್ಗ ಒಂಬತ್ತು. ಒಂಬತ್ತರ ವರ್ಗಮೂಲ ಮೂರೇ ಹೊರತು ಋಣ ಮೂರಲ್ಲ. ಬರೀ ಎಕ್ಸ್ ಅಂದರೆ ಅಲ್ಲಿ ತಪ್ಪಾಗುತ್ತದೆ. ಅವಳದೇ ಸರಿ. ತಪ್ಪಿದ್ದು ನಾನು. ತಪ್ಪನ್ನೇ ಬರೆದ ಇನ್ನೂರ ಹನ್ನೊಂದು ಮಂದಿಗೆ ಹಸಿರು ಬಿದ್ದಿತ್ತು.

ಇಪ್ಪತ್ತಮೂರು ಸಲವೂ ಅವಳು ಒಂದೇ ರೀತಿ ಬರೆದಿರಲಿಲ್ಲ. ಗೆರೆ ಹಾಕಿ ನೋಡಿದ್ದಳು. ಎಕ್ಸ್ ಋಣವಾದರೆ ಹೀಗೆ, ಅಲ್ಲದಿದ್ದರೆ ಹಾಗೆ ಅಂತ ಬಿಡಿಸಿ ಬರೆದಿದ್ದಳು. ಒಮ್ಮೆ ತೆಲುಗು ಅಕ್ಷರದಲ್ಲಿ ಪೂರ್ತಿ ವಾಕ್ಯವನ್ನೇ ಟೈಪ್ ಮಾಡಿದ್ದಳು, ಯಾರೋ ಓದುತ್ತಾರೆ ಅನ್ನುವ ಹಾಗೆ. ಇಪ್ಪತ್ತನಾಲ್ಕನೇ ಸಲ ಬರೀ ಎಕ್ಸ್ ಒತ್ತಿದ್ದಳು. ಹಸಿರು ಬಂದಿತ್ತು. ನಾಲ್ಕನೇ ಪಾಠ ತೆರೆದುಕೊಂಡಿತ್ತು. ಅವಳು ಅದರೊಳಗೆ ಹೋಗಲೇ ಇಲ್ಲ. ಅದು ಜನವರಿ ಹದಿನೆಂಟು. ಆಮೇಲೆ ಆ ಹೆಸರಿನಲ್ಲಿ ಒಂದು ದಾಖಲೆಯೂ ಇಲ್ಲ. ಹೆಸರು ಹೈಮಾವತಿ.

ಈಶ್ವರಮ್ಮನನ್ನು ಕೇಳಿದೆ.

"ಪೊಂದೂರಿನ ಹುಡುಗಿ. ಕಾಲೇಜು ಬಿಟ್ಟು ಮೂರು ತಿಂಗಳಾಯ್ತಲ್ಲ ಬಾಬು, ಈಗ ನೆನಪಾಯ್ತಾ?" ಅಂದಳು. "ಆ ಕಿಟಕಿ ಪಕ್ಕದ ಕಂಪ್ಯೂಟರ್ ಮುಂದೆ ಕೂತು ಕಣ್ಣು ಒರೆಸ್ಕೊಂತಿತ್ತು. ನಿಮಗೆ ಬಂದು ಹೇಳ್ದೆ. ನೀವು ಕಿವಿಗೆ ಅದೇನೋ ಸಿಗಿಸ್ಕೊಂಡು ವೀಡಿಯೋ ಮಾಡ್ತಿದ್ರಿ. ಕೈಯಲ್ಲೇ ಆಮೇಲೆ ಅಂದ್ರಿ."

ಮರುದಿನ ಪೊಂದೂರಿಗೆ ಬಸ್ಸು ಹತ್ತಿದೆ. ಮನೆಯಲ್ಲಿ ಅವಳ ತಾಯಿ ನೂಲುತ್ತಿದ್ದರು. ನಾನು ಯಾರೆಂದು ಹೇಳಿದಾಗ ರಾಟೆ ನಿಲ್ಲಿಸಿ, ನನ್ನನ್ನು ಒಂದು ಗಳಿಗೆ ನೋಡಿ, "ಬಸ್‌ಸ್ಟ್ಯಾಂಡಿನ ಹತ್ರ ಜೆರಾಕ್ಸ್ ಅಂಗಡೀಲಿ ಇರ್ತಾಳೆ" ಅಂದರು. ಕೂರಿ ಅನ್ನಲಿಲ್ಲ.

ಅಂಗಡಿಯಲ್ಲಿ ಅವಳೊಬ್ಬಳೇ ಇದ್ದಳು. ಯಾರದೋ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

"ಏನು ಸಾರ್? ಟಿ.ಸಿ. ಅಪ್ಪ ಬಂದು ತಗೊಂಡ್ಹೋದ್ರಲ್ಲ."

"ಅದಲ್ಲಮ್ಮ. ಹದಿನಾಲ್ಕನೇ ಪ್ರಶ್ನೆ. ನಿನ್ನ ಉತ್ತರ ಸರಿಯಿತ್ತು. ನಾನು ಹಾಕಿದ ಕೀ ತಪ್ಪು."

ಅವಳು ಮೇಜಿನ ಮೇಲಿದ್ದ ಕಾಗದಗಳ ಅಂಚು ಸರಿಮಾಡಿದಳು.

"ಗೊತ್ತಿತ್ತು ಸಾರ್" ಅಂದಳು. "ಆಮೇಲಾಮೇಲೆ ಗೊತ್ತಿರ್ಲಿಲ್ಲ."

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ದೆ."

ನನಗೆ ನೆನಪೇ ಇರಲಿಲ್ಲ.

"ಬಾಗಿಲ ಹತ್ರ. ನೀವು ಊಟಕ್ಕೆ ಹೊರಟಿದ್ರಿ. ಸಾರ್, ಇದು ಸರಿಯಿದೆ ಅನ್ಸುತ್ತೆ, ಕೆಂಪು ತೋರಿಸ್ತಿದೆ ಅಂದೆ. 'ಕಂಪ್ಯೂಟರ್ ಸುಳ್ಳು ಹೇಳಲ್ಲಮ್ಮ, ಇನ್ನೊಂದ್ಸಲ ಯೋಚನೆ ಮಾಡು' ಅಂದ್ರಿ. ಅಲ್ಲಿದ್ದೋರೆಲ್ಲ ನಕ್ಕರು."

ಒಬ್ಬ ಹೆಂಗಸು ಬಂದು ಆಧಾರ್ ಕಾರ್ಡು ಚಾಚಿ, "ಎರಡು ಕಾಪಿ ತೆಗಿಯೇ ಹುಡುಗಿ, ಬಸ್ಸು ಹೊರಟ್ಹೋಗುತ್ತೆ" ಅಂದಳು. ಹೈಮಾವತಿ ತೆಗೆದುಕೊಟ್ಟಳು. ಆಕೆ ಹೋದಮೇಲೆ ನನ್ನ ಮುಖ ನೋಡದೆ ಮಾತು ಮುಂದುವರಿಸಿದಳು.

"ಇನ್ನೊಂದ್ಸಲ, ಇನ್ನೊಂದ್ಸಲ ಅಂತ ಯೋಚನೆ ಮಾಡ್ದೆ. ಎಷ್ಟು ಮಾಡಿದ್ರೂ ಅದೇ ಉತ್ತರ. ಕೊನೆಗೆ ಎಲ್ಲರೂ ಹಾಕಿದ್ದನ್ನೇ ಹಾಕ್ದೆ. ಹಸಿರು ಬಂತು. ಅದನ್ನ ನೋಡಿ ಕಂಪ್ಯೂಟರ್ ಆಫ್ ಮಾಡಿ ಎದ್ದುಬಂದೆ ಸಾರ್. ಹತ್ತನೇ ಕ್ಲಾಸಿಂದ ನನಗೆ ಬೇರೆ ಏನು ಬರದಿದ್ರೂ ಗಣಿತ ಬರುತ್ತೆ ಅಂದ್ಕೊಂಡಿದ್ದೆ."

"ಅದಕ್ಕೇ ಬಿಟ್ಟೆಯಾ?"

"ಅದೊಂದಕ್ಕೇ ಅಂತ ನಿಮ್ಮ ತಲೆ ಮೇಲೆ ಹಾಕಲ್ಲ. ಹಾಸ್ಟೆಲು ಹಿಡಿಸ್ಲಿಲ್ಲ. ಇಂಗ್ಲಿಷ್ ಪಾಠ ತಲೆಗೆ ಹತ್ತುತ್ತಿರ್ಲಿಲ್ಲ. ಆದ್ರೆ ಇದೊಂದಾದ್ರೂ ಇದೆಯಲ್ಲ ಅಂತ ತಡ್ಕೊಂಡಿದ್ದೆ."

ವಾಪಸ್ಸು ಬಾ, ನಾನೇ ಮಾತಾಡಿ ಸೇರಿಸುತ್ತೇನೆ ಅಂದೆ. ಅವಳು ತಲೆಯಾಡಿಸಿ ಬೇಡವೆಂದಳು. ನಂತರ ಕೇಳಿದಳು: "ಉಳಿದೋರಿಗೆ ಹೇಳಿದ್ರಾ?"

"ಯಾರಿಗೆ?"

"ಹಸಿರು ಬಂತಲ್ಲ, ಅವರಿಗೆ. ಅವರು ಇವತ್ತಿಗೂ ಅದೇ ಸರಿ ಅಂದ್ಕೊಂಡಿರ್ತಾರೆ."

ನಾನು ಅವಳೊಬ್ಬಳ ಬಗ್ಗೆ ಯೋಚಿಸಿಕೊಂಡು ಬಂದಿದ್ದೆ. ಅವರು ಯಾರೂ ನನಗೆ ಹೊಳೆದಿರಲಿಲ್ಲ.

ಎಲ್ಲ ಮಕ್ಕಳಿಗೂ ನನ್ನ ತಪ್ಪನ್ನು ಹೇಳುತ್ತೇನೆ ಅಂದಾಗ ಜೋಗಾರಾವು ಅವರು ಬೇಸರಪಟ್ಟರು. "ಕೀ ತಿದ್ದಿಬಿಡು, ಮುಗೀತು. ಡಂಗುರ ಯಾಕೆ ಸಾರ್ತೀಯ? ಒಂಬತ್ತು ಕಾಲೇಜಿನೋರು ಏನಂದ್ಕೋತಾರೆ?"

"ಸೂರಿ ತಪ್ಪು ಮಾಡಿದ ಅಂದ್ಕೋತಾರೆ. ಅದು ನಿಜಾನೇ ಅಲ್ವಾ ಸಾರ್" ಅಂದೆ.

"ನಿನ್ನ ಇಷ್ಟ. ನನ್ನ ಹೆಸರು ತರಬೇಡ."

ಮೊದಲ ವರ್ಷದ ನಾಲ್ಕು ವಿಭಾಗಗಳಲ್ಲೂ ಹಲಗೆಯ ಮೇಲೆ ಆ ಪ್ರಶ್ನೆ ಬರೆದು, ನಾನು ಹಾಕಿದ್ದ ಉತ್ತರ ಬರೆದು, ಅದರ ಮೇಲೆ ಅಡ್ಡಗೆರೆ ಎಳೆದೆ. ಯಾಕೆ ತಪ್ಪು ಅಂತ ಬಿಡಿಸಿ ಹೇಳಿದೆ. ನಿಮ್ಮಲ್ಲಿ ಒಬ್ಬಳು ಸರಿಯಾಗಿ ಬರೆದಿದ್ದಳು, ಅವಳ ಮಾತನ್ನು ನಾನು ಕೇಳಲಿಲ್ಲ ಅಂತಲೂ ಹೇಳಿದೆ. ಮೂರು ವಿಭಾಗಗಳಲ್ಲಿ ಮಕ್ಕಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ನಾಲ್ಕನೆಯದರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ, "ಅದು ಹೈಮಾ ಅಲ್ವಾ ಸಾರ್? ಆವತ್ತು ನಾವು ನಕ್ಕಿದ್ವಿ" ಅಂದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಹಿಂದಿನ ವರ್ಷಗಳ ಮಕ್ಕಳಿಗೆಲ್ಲ ಪತ್ರ ಕಳಿಸಿದೆ. ಉತ್ತರ ಬಂದದ್ದು ಬೆರಳೆಣಿಕೆಯಷ್ಟು.

ಒಂಬತ್ತು ಕಾಲೇಜುಗಳ ಮಾತು ಒಂದು ವರ್ಷ ಮುಂದಕ್ಕೆ ಹೋಯಿತು. ಆ ಬೇಸಿಗೆಯಲ್ಲಿ ಎಲ್ಲ ಪ್ರಶ್ನೆಗಳನ್ನೂ ಇನ್ನಿಬ್ಬರ ಕೈಯಲ್ಲಿ ಪರೀಕ್ಷೆ ಮಾಡಿಸಿದೆ. ಮತ್ತೆ ಐದು ತಪ್ಪು ಸಿಕ್ಕವು. ಹಸಿರಾಗದೆ ಮುಂದಿನ ಪಾಠ ತೆರೆಯದ ನಿಯಮವನ್ನು ತೆಗೆದುಹಾಕಿದೆ. ಪ್ರತಿ ಪ್ರಶ್ನೆಯ ಕೆಳಗೆ "ನನ್ನ ಉತ್ತರವೇ ಸರಿ ಅನ್ನಿಸುತ್ತದೆ" ಎಂಬ ಗುಂಡಿ ಇಟ್ಟೆ. ಅದನ್ನು ಒತ್ತಿದರೆ ನನ್ನ ಫೋನಿಗೆ ಸುದ್ದಿ ಬರುತ್ತದೆ.

ಹೈಮಾವತಿ ಜುಲೈನಲ್ಲಿ ಶ್ರೀಕಾಕುಳದ ಒಂದು ಹೆಣ್ಣುಮಕ್ಕಳ ಕಾಲೇಜಿಗೆ ಸೇರಿದಳು. ಮತ್ತೆ ಮೊದಲ ವರ್ಷಕ್ಕೆ, ಗಣಿತಕ್ಕೇ. ಅದು ನನಗೆ ತಿಳಿದದ್ದು ಈಶ್ವರಮ್ಮನಿಂದ. ಹೈಮಾವತಿ ನನಗೆ ಹೇಳಿ ಕಳಿಸಲಿಲ್ಲ, ಹೇಳಬೇಕೆಂದು ನಾನು ಬಯಸುವುದೂ ಸರಿಯಲ್ಲ.

ಆಗಸ್ಟ್‌ನಲ್ಲಿ ಆ ಗುಂಡಿಯಿಂದ ಮೊದಲ ಸುದ್ದಿ ಬಂತು. ಮೌನಿಕ ಎಂಬ ಹುಡುಗಿ, ಎರಡನೇ ಪಾಠ. ಅವಳ ಉತ್ತರ ತಪ್ಪೇ ಆಗಿತ್ತು. ಊಟದ ಡಬ್ಬಿ ಮುಚ್ಚಿಟ್ಟು ಹೋಗಿ ಅವಳ ಪಕ್ಕದಲ್ಲಿ ಕೂತೆ. "ಇದು ಹೇಗೆ ಬಂತು ಹೇಳಮ್ಮ, ಮೊದಲಿಂದ" ಅಂದೆ.